ಓಗೊಡುವ ಗುಡ್ಡ

ಇದು ಕಟ್ಟುಕತೆಯಲ್ಲ. ನಮ್ಮ ಪಕ್ಕದ ಮನೆಯ ನೆಸ್ಸಾಳಿಗೇ ಆದದ್ದು. ಸ್ವಲ್ಪ ಹತ್ತಿರ ಬನ್ನಿ... ಜೋರಾಗಿ ಹೇಳುವಂಥದ್ದಲ್ಲ.

ನೆಸ್ಸಾ ಡಬ್ಲಿನ್ನಿನವಳು. ಮದುವೆಯಾಗಿ ಈ ಗುಡ್ಡಗಾಡಿನ ಹಳ್ಳಿಗೆ ಬಂದು ಆರು ತಿಂಗಳಾಗಿತ್ತಷ್ಟೇ. ಅವತ್ತು ಕುರಿ ಹುಡುಕಲು ನಾಯಿಯ ಜೊತೆ ಗುಡ್ಡ ಹತ್ತಿದ ಗಂಡ ಫೆಸ್ಟಿ ಕತ್ತಲಾದರೂ ಇಳಿದಿರಲಿಲ್ಲ. ಮಂಜು ಬೇರೆ. ಅತ್ತೆ ಡೀಲಿಯಾ ಲಾಟೀನು ಹಿಡಿದಳು, ಸೊಸೆ ಹಿಂದೆ ನಡೆದಳು. ಗುಡ್ಡದ ಬುಡದ ಬಾವಿಯ ಹತ್ತಿರ ನಿಂತರು. ಒಳಗೆ ನೀರು ಹನಿಯುತ್ತಿತ್ತು. ಟಪ್... ಟಪ್...

ಡೀಲಿಯಾ ಎರಡು ಬೆರಳು ಬಾಯಿಗಿಟ್ಟು ಮನೆಯವರ ಗುರುತಿನ ಸಿಳ್ಳೆ ಹಾಕಿದಳು. ಎರಡು ಗಿಡ್ಡ, ಒಂದು ಉದ್ದ. ಉತ್ತರವಿಲ್ಲ.

“ಹೆಸರು ಹಿಡಿದು ಕೂಗ್ಬಾರ್ದಾ ಅತ್ತೆ?”

“ಶ್! ಇದು ಓಗೊಡೋ ಗುಡ್ಡ ಕಣೆ. ಯಾರನ್ನ ಕರೆದ್ರೂ ಅದೇ ಓಗೊಡತ್ತೆ. ಸಿಳ್ಳೆ ಒಂದು ಅದಕ್ಕೆ ಬರಲ್ಲ.”

“ಮ್ಯಾಪಲ್ಲಿ ಹೆದರ್ ಗುಡ್ಡ ಅಂತಿದೆ...”

“ಮ್ಯಾಪ್ ಬರೆದೋನಿಗೆ ಕಿವಿ ಮಂದ. ನಮ್ಮೋರು ಇಲ್ಲಿನ ಹಳೇ ಭಾಷೇಲಿ ‘ರೆಗ್ರಾ’ ಅಂದ್ರು, ಓಗೊಡೋದು ಅಂತ. ಅವನಿಗೆ ‘ರೀ’ ಅಂತ ಕೇಳಿಸ್ತು. ‘ರೀ’ ಅಂದ್ರೆ ಹೆದರ್ ಗಿಡ, ಹಾಗೇ ಬರ್ಕೊಂಡು ಹೋದ.”

ಹೆದರ್ ಎಂದರೆ ಇಲ್ಲಿ ಗುಡ್ಡದ ತುಂಬ ಅರಳುವ ನೇರಳೆ ಹೂವು, ನಮ್ಮ ಹೆದರಿಕೆಯಲ್ಲ. ನೆಸ್ಸಾಳಿಗೂ ಗುಡ್ಡದ ಹೆದರಿಕೆ ಇರಲಿಲ್ಲ. ಗಂಡ ಜವುಗಿನಲ್ಲಿ ಹೂತುಹೋಗಿದ್ದರೆ ಎಂದೇ ಜೀವ ಹಾರುತ್ತಿತ್ತು. ತಡೆಯಲಾರದೆ ಕೂಗಿಯೇ ಬಿಟ್ಟಳು.

“ಫೆಸ್ಟೀ!”

ಬಾವಿಯ ಹನಿ ನಿಂತಿತು.

“ಓ... ಬಂದೆ!”

ಅವನದೇ ದನಿ. ಬಹಳ ಹತ್ತಿರದಿಂದ.

ಕಲ್ಲು ಜಾರುವ ಸದ್ದು... ಗರ್... ಗರ್... ಫೆಸ್ಟಿ ಇಳಿದು ಬಂದ. ನೆಸ್ಸಾ ತಬ್ಬಿಕೊಂಡು ಅತ್ತಳು. ಡೀಲಿಯಾ ಮಾತ್ರ ಮಗನನ್ನು ಮುಟ್ಟಲಿಲ್ಲ.

“ನಾಯಿ ಎಲ್ಲೋ?”

“ಬರತ್ತೆ ಬಿಡಮ್ಮ.”

“ಒಂದ್ಸಲ ಸಿಳ್ಳೆ ಹಾಕಪ್ಪ.”

“ಚಳಿಗೆ ತುಟಿ ಮರಗಟ್ಟಿದೆ,” ಎಂದು ನಕ್ಕ.

ಮನೆಯ ಕಡೆ ಇಪ್ಪತ್ತು ಹೆಜ್ಜೆ ಇಟ್ಟಿರಬಹುದು... ಹಿಂದೆ, ಗುಡ್ಡದ ಮೇಲಿನಿಂದ, ಸಿಳ್ಳೆ. ಎರಡು ಗಿಡ್ಡ, ಒಂದು ಉದ್ದ. ಜೊತೆಗೆ ನಾಯಿ ಕುಂಯ್‌ಗುಟ್ಟುವ ಸದ್ದು.

ನೆಸ್ಸಾ ತಿರುಗಲು ಹೋದಳು. ಕೈ ಹಿಡಿದಿದ್ದವನು ಬಿಡಲಿಲ್ಲ. ಡೀಲಿಯಾ ಲಾಟೀನಿನ ಬತ್ತಿ ಏರಿಸಿ, ಒಬ್ಬಳೇ ಗುಡ್ಡ ಹತ್ತಿದಳು. ಮತ್ತೆ ಇಳಿಯಲಿಲ್ಲ.

ಹನ್ನೊಂದು ವರ್ಷವಾಯಿತು. ಮಂಜು ಬಿದ್ದ ಸಂಜೆ ಗುಡ್ಡದಿಂದ ಈಗ ಇಬ್ಬರ ಸಿಳ್ಳೆ ಕೇಳುತ್ತದೆ. ನೆಸ್ಸಾ ಕಿಟಕಿ ಮುಚ್ಚಿಕೊಂಡು ಅಳುತ್ತಾಳೆ. ಸುಳ್ಳೆಂದರೆ ಬೆಳಿಗ್ಗೆ ನೀವೇ ಹೋಗಿ ನೋಡಿ. ಅವನು ಬೇಲಿಯ ಹತ್ತಿರ ಕುರಿ ಅಟ್ಟುತ್ತಿರುತ್ತಾನೆ. ಕುರಿ ಕರೆಯಲು ಬಾಯಿಸಿಳ್ಳೆಯಲ್ಲ, ಕೊರಳಲ್ಲಿ ದಾರ ಕಟ್ಟಿದ ತಗಡಿನ ಪೀಪಿ ಇರುತ್ತದೆ.