ಇನ್ನೊಂದು ಕಾಲು

ಸ್ವಲ್ಪ ಹತ್ತಿರ ಬನ್ನಿ, ಇದು ಕೂಗಿ ಹೇಳೋ ಮಾತಲ್ಲ. ಯಾರೋ ಎಲ್ಲೋ ಕಂಡದ್ದೂ ಅಲ್ಲ, ನನ್ನ ಸ್ವಂತ ಚಿಕ್ಕಪ್ಪನ ಮಗಳು ಐಶ್ವರ್ಯಳಿಗೆ ಆದದ್ದು. ನರ್ಸಿಂಗ್ ಓದಿದ ಹುಡುಗಿ. ಹೆಣದ ಪಕ್ಕ ಕೂತು ಚಹಾ ಕುಡಿದವಳು, ಪುಕ್ಕಲಿಯಲ್ಲ. ಅಂಥವಳು ಈಗ ಕತ್ತಲಾದ ಮೇಲೆ ಬಾವಿ ದಾರಿ ಹಿಡಿಯೋದಿಲ್ಲ.

ಹುಲಿಹೈದರದಿಂದ ಇನ್ನೂ ಒಳಗೆ ನಮ್ಮ ಊರು. ಆ ರಾತ್ರಿ ಮಿಷನ್ನಿನವರ ಜೀಪು ಓಡಿಸುವ ಜಮೀರ ಅವಳನ್ನು ಕ್ರಾಸಿನಲ್ಲೇ ಇಳಿಸಿದ. ನೀರಿನ ಪೈಪು ಹಾಕಲು ಊರ ರಸ್ತೆ ಅಗೆದು ಹಾಗೇ ಬಿಟ್ಟಿದ್ದರು.

"ಮುಂದ ಗಾಡಿ ಹೋಗಂಗಿಲ್ಲ ಅಕ್ಕಾ. ಜೋಡಿ ಬರ್ಲೇನು?"

"ನಮ್ಮೂರ ದಾರಿ ನನಗ ಹೊಸದೇನೋ? ನೀ ನಡಿ."

ಜೀಪಿನ ಗುರ್‍ರ್... ಸದ್ದು ದೂರವಾಯಿತು. ಜೀರುಂಡೆಗಳ ಸದ್ದು ಉಳಿಯಿತು. ಬೇವಿನ ಮರದ ಕೆಳಗೆ ಹಳೇ ಬಾವಿ, ಅದರ ಪಕ್ಕ ಆಡು ಕುರಿ ನೀರು ಕುಡಿಯುವ ಕಲ್ಲಿನ ದೋಣಿ. ಅಲ್ಲಿಗೆ ಬರುವ ಹೊತ್ತಿಗೆ ಜೀರುಂಡೆಯೂ ಸುಮ್ಮನಾಯಿತು... ಹಿಂದೆ ಸದ್ದು.

ಧಪ್... ಪಿಚಕ್.

ನಿಂತಳು. ಅದೂ ನಿಂತಿತು. ನಡೆದಳು. ಧಪ್... ಪಿಚಕ್. ಧಪ್... ಪಿಚಕ್.

ಧಪ್ ಅನ್ನೋದು ರಬ್ಬರಿನ ಅಟ್ಟೆಯ ಬೂಟು ಮಣ್ಣಿಗೆ ಬಿದ್ದ ಸದ್ದು. ಪಿಚಕ್ ಅನ್ನೋದು ಒಳಗೆ ಹಸಿ ತುಂಬಿದ ಬೂಟಿನ ಸದ್ದು. ನಮ್ಮೂರಲ್ಲಿ ಹಾಗೆ ಬೂಟು ಹಾಕಿಕೊಂಡು ಒಂದು ಕಾಲು ಎಳೆದು ನಡೆಯುತ್ತಿದ್ದವಳು ಒಬ್ಬಳೇ, ಆಡು ಕಾಯುವ ದುರುಗವ್ವ. ಅವಳನ್ನು ಮಣ್ಣು ಮಾಡಿ ಹತ್ತಿರ ಹತ್ತಿರ ವರ್ಷವಾಗಿತ್ತು.

ಆ ಬೂಟು ಎಲ್ಲಿಂದ ಬಂತು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯೋದಿಲ್ಲ.

ಹಿಂದಿನ ಚಳಿಗಾಲದಲ್ಲಿ ಮಿಷನ್ನಿನವರು ಮೊದಲ ಸಲ ನಮ್ಮೂರಿಗೆ ಬಂದರು. ಸಮುದ್ರದಾಚೆಯ ಯಾವುದೋ ದೊಡ್ಡ ಊರಿನವರು, ರಜೆ ಹಾಕಿ, ಕೈಯಿಂದ ಖರ್ಚು ಮಾಡಿಕೊಂಡು ಬಡವರ ಸೇವೆಗೆ ಬಂದವರು. ಕ್ರಾಸಿನಾಚೆ ಡಾಂಬರು ರಸ್ತೆ ಪಕ್ಕ ಇರುವ ನಮ್ಮ ಹುಡುಗರ ಸಾಲಿಯ ಎರಡು ಕೋಣೆಯಲ್ಲಿ ದವಾಖಾನೆ ಹಾಕಿದರು. ಇದ್ದದ್ದು ಇದ್ದ ಹಾಗೆ ಹೇಳಬೇಕು, ಅವರು ಕೊಟ್ಟ ಕನ್ನಡಕದಲ್ಲೇ ನಮ್ಮ ಹಜರತಬೀ ಇವತ್ತಿಗೂ ಸೂಜಿ ಪೋಣಿಸುತ್ತಾಳೆ. ಕೆಟ್ಟವರಲ್ಲ. ಆದರೆ ನೋಡಬೇಕಾದ್ದನ್ನು ಬಿಟ್ಟು ನೋಡಬೇಕೆಂದುಕೊಂಡು ಬಂದದ್ದನ್ನೇ ನೋಡಿ ಹೋದರು. ನನಗೆ ಅವರ ಮೇಲಿರುವ ಸಿಟ್ಟು ಇಷ್ಟೇ.

ದವಾಖಾನೆ ಮುಗಿದ ಮೇಲೆ ಅವರದೊಂದು ಪದ್ಧತಿ. ರೋಗಿಗಳನ್ನು ಸಾಲಾಗಿ ಕೂಡಿಸಿ, ಬೋಗುಣಿಯಲ್ಲಿ ಬೆಚ್ಚಗಿನ ನೀರಿಟ್ಟು, ಮಂಡಿಯೂರಿ ಕಾಲು ತೊಳೆಯುತ್ತಿದ್ದರು. ಅವರ ದೇವರು ತನ್ನ ಶಿಷ್ಯರಿಗೆ ಹಾಗೇ ಮಾಡಿದ್ದನಂತೆ. ಆಮೇಲೆ ಒಂದು ಜೊತೆ ಕಪ್ಪು ಬೂಟು ಕೊಡುವುದು, ಫೋಟೋ ತೆಗೆಯುವುದು.

ಊರಿನವರಿಗೆ ಬೆಂಕಿ ಮೇಲೆ ಕೂತ ಹಾಗಾಯಿತು. ನಮ್ಮಲ್ಲಿ ಬಂದವರ ಕಾಲಿಗೆ ನಾವು ನೀರು ಕೊಡುತ್ತೇವೆ. ಬಂದ ಅತಿಥಿಯ ಕೈಯಿಂದ ನಾವೇ ಕಾಲು ತೊಳೆಸಿಕೊಳ್ಳುವುದು ಯಾವ ಧರ್ಮ? ಆದರೂ ಬೇಡವೆಂದರೆ ಅವರ ಮನಸ್ಸು ನೊಂದೀತು ಅಂತ ಎಲ್ಲರೂ ಕಣ್ಣು ಮುಚ್ಚಿ ಕಾಲು ಕೊಟ್ಟರು.

ಕೊನೆಗೆ ಬಂದವಳು ದುರುಗವ್ವ. ಅವಳ ಮುಂದೆ ಮಂಡಿಯೂರಿದವಳು ಕ್ಲೇರ್ ಅಂತ ಒಬ್ಬಳು ಹುಡುಗಿ, ಮೊಮ್ಮಗಳ ವಯಸ್ಸು. ದುರುಗವ್ವ ಎಡಗಾಲನ್ನು ಮಾತ್ರ ಮುಂದಿಟ್ಟಳು. ಬಲಗಾಲು ಸೀರೆಯೊಳಗೆ. ದುಭಾಷಿಯಾಗಿ ನಿಂತಿದ್ದ ಐಶ್ವರ್ಯಳನ್ನು ಬಗ್ಗಲು ಹೇಳಿ ಕಿವಿಯಲ್ಲಿ ಅಂದಳು:

"ಯವ್ವಾ, ಈ ಕಾಲಾಗ ಜಾಲಿಮುಳ್ಳು ನಟ್ಟು ಕೀವಾಗೈತಿ. ವಾಸನಿ ಬರ್ತೈತಿ. ಪರದೇಶದಿಂದ ಬಂದ ಮಗಳ ಕೈಯಾಗ ಇದನ್ನ ಹೆಂಗ ಇಡ್ಲಿ? ಪಾಪ ಹತ್ತತೈತಿ ನನಗ. ನೀ ಏನರ ಒಂದು ಹೇಳಿಬಿಡು."

ಐಶ್ವರ್ಯ ನೋಡಿದಳು. ಅರಿಶಿನ ಹಚ್ಚಿ ಸುತ್ತಿದ ಚಿಂದಿ, ಅದರಂಚಿನಲ್ಲಿ ಕಪ್ಪಗಾದ ಬೆರಳು. "ನೋವೈತೇನು, ಆಯಿ?" ಅಂದಳು. "ನೋವೇನಿಲ್ಲವ್ವ, ಜೋಮು ಹಿಡದಂಗ ಐತಿ," ಅಂದಳು ಮುದುಕಿ. ಓದಿದ ಹುಡುಗಿಗೆ ಅಷ್ಟು ಸಾಕಾಗಿತ್ತು. ಸಕ್ಕರೆ ಕಾಯಿಲೆಯ ಕಾಲು ಅದು, ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕಿದ್ದ ಕಾಲು.

ಆದರೆ ಹೊರಗೆ ಜೀಪು ಹಾರ್ನ್ ಹೊಡೆಯುತ್ತಿತ್ತು. ತಂಡದವರಿಗೆ ಹಂಪಿಯಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕಿತ್ತು. ಅವರ ಮುಖ್ಯಸ್ಥ ಮಾರ್ಕ್ ಡಾಕ್ಟರು ಅವತ್ತು ಬೆಳಿಗ್ಗೆಯೇ ಐಶ್ವರ್ಯಳಿಗೆ ಹೇಳಿದ್ದ, ಕನಕಗಿರಿ ದಾರಿಯಲ್ಲಿ ಕಾಯಂ ದವಾಖಾನೆ ಕಟ್ಟುತ್ತೇವೆ, ಅದನ್ನು ನೀನೇ ನೋಡಿಕೊಳ್ಳಬೇಕು ಅಂತ. ಗಂಗಾವತಿಯ ನರ್ಸಿಂಗ್ ಹೋಮಿನ ರಾತ್ರಿ ಪಾಳಿಯಿಂದ ಬಿಡುಗಡೆ. ಊರ ಹತ್ತಿರ ಮರ್ಯಾದೆಯ ಕೆಲಸ. ಈಗ ತಂಡವನ್ನು ತಡೆಯಲೇ? ನಾಳೆ ಮುದುಕಿಯ ಮಗನಿಗೆ ಹೇಳಿದರಾಯಿತು ಅಂದುಕೊಂಡಳು.

"ಒಂದೇ ಕಾಲು ಸಾಕಂತೆ," ಅಂತ ಕ್ಲೇರಿಗೆ ಇಂಗ್ಲಿಷಿನಲ್ಲಿ ಹೇಳಿದಳು. "ಇದು ಇಲ್ಲಿಯ ಹಿರಿಯರ ಪದ್ಧತಿ. ವಿನಯಕ್ಕೆ ಒಂದೇ ಕಾಲು ಕೊಡುತ್ತಾರೆ."

ಕ್ಲೇರಳ ಕಣ್ಣು ತುಂಬಿ ಬಂತು. ಎಂಥಾ ಸುಂದರ ಪದ್ಧತಿ! ಎಡಗಾಲು ತೊಳೆದು ಮುತ್ತಿಟ್ಟಳು. ನಾಚಿಕೆಯಿಂದ ದುರುಗವ್ವ ನಕ್ಕಳು. ಆ ನಗು ಫೋಟೋದಲ್ಲಿ ಸಿಕ್ಕಿತು. ಜೀಪು ಹೊರಟಿತು.

ನಾಳೆ ಬಂತು, ನಾಡಿದ್ದೂ ಬಂತು. ಐಶ್ವರ್ಯ ಪಾಳಿಗೆ ಹೋದಳು, ಮರೆತಳು. ಮರೆತೆ ಅಂತ ಅವಳು ಹೇಳುತ್ತಾಳೆ. ಮರೆಯುವುದು ಅನುಕೂಲವಾಗಿತ್ತು ಅಂತ ನಾನು ಹೇಳುತ್ತೇನೆ.

ದುರುಗವ್ವನಿಗೆ ಆ ಬೂಟಿನ ಮೇಲೆ ಪ್ರಾಣ. ಲೇಸು ಕಟ್ಟಲು ಬರದೆ ಅದನ್ನು ಕಿತ್ತು, ಆಡು ಕಟ್ಟುವ ಹುರಿ ಪೋಣಿಸಿಕೊಂಡಿದ್ದಳು. ಚಿಂದಿಯ ಮೇಲೇ ಬೂಟು ಏರಿಸಿ ಅಡವಿಗೆ ಹೋಗುತ್ತಿದ್ದಳು, ಮಲಗುವಾಗಲೂ ತೆಗೆಯುತ್ತಿರಲಿಲ್ಲ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂ," ಅಂತ ಹೆಂಗಸರು ಕಾಡಿದರೆ ಬಿದ್ದು ಬಿದ್ದು ನಗುತ್ತಿದ್ದಳು. ಬೂಟಿನೊಳಗೆ ಏನಾಗುತ್ತಿದೆ ಅಂತ ಯಾರೂ ನೋಡಲಿಲ್ಲ. ಜ್ವರ ಬಂದು ಮಗ ಹೊಳಿಯಪ್ಪ ಬೂಟು ಎಳೆದು ತೆಗೆಯುವ ಹೊತ್ತಿಗೆ ನಂಜು ತೊಡೆಗೆ ಏರಿತ್ತು. ಕೊಪ್ಪಳಕ್ಕೆ ಒಯ್ಯುವ ದಾರಿಯಲ್ಲೇ ಮುಗಿಯಿತು. ಭಾಳ ಪ್ರೀತಿಯಿಂದ ಹಾಕಿಕೊಳ್ಳುತ್ತಿದ್ದಳು ಅಂತ ಹೊಳಿಯಪ್ಪ ಆ ಜೋಡನ್ನೂ ಕುಣಿಯಲ್ಲಿ ಇಟ್ಟು ಮಣ್ಣೆಳೆದ.

ಈ ವರ್ಷ ತಂಡ ಮತ್ತೆ ಬಂತು. ಸಾಲಿಯ ಗೋಡೆಗೆ ದೊಡ್ಡ ಬ್ಯಾನರು, ಅದರಲ್ಲಿ ನಗುವ ದುರುಗವ್ವ, ಬೋಗುಣಿಯಲ್ಲಿ ಒಂದು ಕಾಲು. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಈ ಸಲ ಅವರು ಎಲ್ಲರದ್ದೂ ಒಂದೊಂದೇ ಕಾಲು ತೊಳೆದರು! ನಮ್ಮ ಪದ್ಧತಿಗೆ ಮರ್ಯಾದೆ ಕೊಟ್ಟಿದ್ದರು.

"ಯಾಕವ್ವ ಒಂದಾ ಕಾಲು?" ಅಂದಳು ಹಜರತಬೀ. "ಈ ಸಲ ನೀರು ಕಮ್ಮಿ ಬಿದ್ದಾವೇನು?"

ಎಲ್ಲರೂ ನಕ್ಕರು. ಐಶ್ವರ್ಯ ನಗಲಿಲ್ಲ. ಸಂಜೆ ಕ್ಲೇರ್ ಬ್ಯಾನರಿನ ಕೆಳಗೆ ನಿಂತು ಕೇಳಿದಳು, "ನನ್ನ ಅಜ್ಜಿ ಎಲ್ಲಿ? ಯಾಕೆ ಬಂದಿಲ್ಲ?" ದವಾಖಾನೆಯ ಕಟ್ಟಡ ಮುಗಿದಿತ್ತು. ಮರುದಿನ ಅದರ ಬೀಗದ ಕೈಯನ್ನು ಎಲ್ಲರೆದುರು ಐಶ್ವರ್ಯಳಿಗೆ ಕೊಡುವುದಿತ್ತು.

"ಚೆನ್ನಾಗಿದ್ದಾಳೆ," ಅಂದಳು ಐಶ್ವರ್ಯ. "ಮಗಳ ಊರಿಗೆ ಹೋಗಿದ್ದಾಳೆ."

ಆ ಮಾತು ಆಡಿದ ರಾತ್ರಿಯೇ ಅವಳು ಬಾವಿ ದಾರಿಯಲ್ಲಿ ಒಬ್ಬಳೇ ಬಂದದ್ದು.

ಧಪ್... ಪಿಚಕ್. ಈಗ ತೀರಾ ಹತ್ತಿರ. ಬಾವಿಯ ಗಾಲಿ ಗಾಳಿಯಿಲ್ಲದೆ ಕಿರ್‍ರ್... ಅಂತು. ಆಡಿನ ವಾಸನೆ ಬಂತು. ಅದರ ಹಿಂದೆ ಆ ಇನ್ನೊಂದು ವಾಸನೆ... ಚಿಂದಿಯದು.

"ಯಾರು?" ಅಂದಳು.

"ನಾನವ್ವ."

ಕಲ್ಲುದೋಣಿಯ ದಂಡೆಯ ಮೇಲೆ ಯಾರೋ ಕೂತರು. ಉಸ್ಸ್... ಅಂತ ಮುದುಕರು ಕೂರುವ ಹಾಗೆ.

"ಮಗಳ ಊರಿಗಿ ಹೋಗೀನಿ ಅಂದಿಯಂತ."

ಐಶ್ವರ್ಯ ಬೇವಿನ ಬೊಡ್ಡೆಗೆ ಕೈ ಊರಿದಳು.

"ನನಗ ಮಗಳಿಲ್ಲಲ್ಲವ್ವ..."

ದನಿಯಲ್ಲಿ ಸಿಟ್ಟಿರಲಿಲ್ಲವಂತೆ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ ಅಂತಾಳೆ.

"ತಪ್ಪಾತು ಆಯಿ... ಏನು ಮಾಡ್ಲಿ ಹೇಳು."

"ಬ್ಯಾಟ್ರಿ ಹಚ್ಚು."

ಮೊಬೈಲಿನ ಬೆಳಕು ಹಚ್ಚಿದಳು. ಮೇಲೆ ಎತ್ತುವ ಧೈರ್ಯ ಬರಲಿಲ್ಲ, ನೆಲಕ್ಕೇ ಹಿಡಿದಳು. ಎರಡು ಕಪ್ಪು ಬೂಟು. ಹುರಿಯ ಗಂಟು. ಒಂದು ಕೈ ಬಲಗಾಲಿನ ಹುರಿಯನ್ನು ನಿಧಾನವಾಗಿ ಬಿಚ್ಚಿತು. ಬೂಟು ಕಳಚಿತು. ಒಳಗಿನದು ಚೆಲ್ಲಿತು, ಥೊಪ್... ಥೊಪ್... ಅಂತ.

ಐಶ್ವರ್ಯ ದೋಣಿಯಿಂದ ಬೊಗಸೆ ನೀರು ತುಂಬಿಕೊಂಡು ಬಗ್ಗಿದಳು. ಕಾಲು ತಟ್ಟನೆ ಹಿಂದೆ ಸರಿಯಿತು.

"ಮುಟ್ಟಬ್ಯಾಡ! ಹೊಲಸೈತಿ. ತೊಳಿ ಅಂತ ಬಂದಿಲ್ಲ ನಾ... ಸುಮ್ನ ನೋಡು. ಯಾರೂ ನೋಡ್ಲಿಲ್ಲವ್ವ ಇದನ್ನ."

ನೋಡಿದಳು. ಎಷ್ಟು ಹೊತ್ತು ನೋಡಿದಳೋ ಗೊತ್ತಿಲ್ಲ. ಏನು ಕಂಡಿತು ಅಂತ ನಾನು ಕೇಳಿದ್ದೇನೆ, ಅವಳು ಹೇಳುವುದಿಲ್ಲ. ಬೆಳಕು ಆರಿದ ಮೇಲೆ ಕತ್ತಲೊಳಗಿಂದ ಒಂದೇ ಮಾತು ಬಂತಂತೆ.

"ನೋಡಿದ್ದನ್ನ ಹೇಳು."

ಮರುದಿನ ಸಾಲಿಯ ಒಳಗೆ ಜನ ಸೇರಿತ್ತು. ಕ್ಯಾಮೆರಾ ಇತ್ತು, ಬೀಗದ ಕೈಗೆ ರಿಬ್ಬನ್ನು ಕಟ್ಟಿದ್ದರು. ಒಂದು ಕಾಲು ಕೊಡುವ ವಿನಯದ ಬಗ್ಗೆ ಮಾರ್ಕ್ ಡಾಕ್ಟರು ಭಾಷಣ ಮಾಡಿ, ಕನ್ನಡದಲ್ಲಿ ಹೇಳು ಅಂತ ಐಶ್ವರ್ಯಳ ಕಡೆ ತಿರುಗಿದ. ಅವಳು ಹೇಳಿದಳು. ಆದರೆ ಅವನ ಮಾತನ್ನಲ್ಲ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಅಂಥ ಪದ್ಧತಿ ಇಲ್ಲ. ಆ ಕಾಲು ಕೊಳೆತಿತ್ತು. ನಾನು ನೋಡಿದ್ದೆ. ಆಕೆ ಸತ್ತಿದ್ದಾಳೆ.

ಕ್ಲೇರ್ ಜೀಪಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಮಾರ್ಕ್ ಡಾಕ್ಟರು ಕ್ಯಾಮೆರಾ ನಿಲ್ಲಿಸಲು ಕೈ ಮಾಡಿದ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ. ಆಮೇಲೆ ಐಶ್ವರ್ಯಳನ್ನು ಪಕ್ಕಕ್ಕೆ ಕರೆದು, ಈ ಮಾತನ್ನು ನನ್ನೊಬ್ಬನಿಗೇ ಹೇಳಬಹುದಿತ್ತು, ಇದರಿಂದ ತಂಡದ ಮನಸ್ಸು ಮುರಿಯುತ್ತದೆ ಅಂದ. ಬೀಗದ ಕೈ ಅವನ ಜೇಬಿಗೆ ಹೋಯಿತು. ಈಗ ಆ ದವಾಖಾನೆಯಲ್ಲಿ ಬೇರೆ ಯಾರೋ ಇದ್ದಾರೆ. ಬ್ಯಾನರು ಮಾತ್ರ ಅದೇ, ಅದನ್ನು ಅಲ್ಲಿಯ ಗೋಡೆಗೆ ಹಾಕಿದ್ದಾರೆ.

ಅದೆಲ್ಲ ಇರಲಿ. ಅವಳು ಸಹಿಸಲಾರದ್ದು ಹೊಳಿಯಪ್ಪನ ಮುಖ. ಜನರ ನಡುವಿನಿಂದ ಎದ್ದು ಹತ್ತಿರ ಬಂದ.

"ನೀ ಅವತ್ತ ನೋಡಿದ್ದೇನು?"

"ಹ್ಞೂಂ."

"ನರ್ಸಮ್ಮ ಇದ್ದಿ ನೀ."

"ಹ್ಞೂಂ, ಅಣ್ಣಾ."

ಬಯ್ಯಲಿಲ್ಲ, ಹೊಡೆಯಲಿಲ್ಲ. ಬಾಗಿಲ ಹೊರಗೆ ಬಿಟ್ಟಿದ್ದ ತನ್ನ ಚಪ್ಪಲಿ ಹುಡುಕಲು ಹೋದ. ಜನ ಆಗಲೇ ಗುಸುಗುಸು ಮಾತಾಡುತ್ತ ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದರು. ಎಲ್ಲರೂ ಹೋದ ಮೇಲೆ ಹೊಳಿಯಪ್ಪನ ಜೋಡಿನ ಪಕ್ಕದಲ್ಲಿ ಒಂದು ಬೂಟು ಉಳಿದಿತ್ತು. ಕಪ್ಪನೆಯದು, ಬಲಗಾಲಿನದು. ಜೊತೆಯದು ಇರಲಿಲ್ಲ. ಲೇಸಿನ ಜಾಗದಲ್ಲಿ ಆಡು ಕಟ್ಟುವ ಹುರಿ.

ಹೊಳಿಯಪ್ಪ ಸ್ಮಶಾನಕ್ಕೆ ಓಡಿದ, ಐದಾರು ಜನ ಹಿಂದೆ ಓಡಿದರು. ಕುಣಿಯ ಮೇಲೆ ಹೇರಿದ ಕಲ್ಲು ಕದಲಿರಲಿಲ್ಲ. ಹೊದಿಸಿದ್ದ ಜಾಲಿಮುಳ್ಳು ಹೊದಿಸಿದ ಹಾಗೇ ಒಣಗಿ ನಿಂತಿತ್ತು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಹೊಳಿಯಪ್ಪ ಆ ಬೂಟನ್ನು ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟಿದ್ದಾನೆ. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತು, ಹಂಚಿನ ಮೇಲೆ ರೊಟ್ಟಿ ಹಾಕಿದ ಹಾಗೆ. ಬೇಸಿಗೆ ಪೂರ್ತಿ ಅಲ್ಲೇ ಇತ್ತು. ಮೊನ್ನೆ ನಾನೇ ಏಣಿ ಹತ್ತಿ, ಈ ಎರಡು ಬೆರಳನ್ನು ಒಳಗೆ ಹಾಕಿ ನೋಡಿದೆ.

ಇನ್ನೂ ಹಸಿ ಇದೆ.