ಮಾತು ಬರುವ ಸ್ಪೀಕರ್

ಒಂದೂರಲ್ಲಿ ಒಬ್ಬ ಅನುಕೂಲಸ್ಥ ಇದ್ದ. ಟೈಲ್ಸ್ ವ್ಯಾಪಾರ, ಹೊಸ ಮನೆ. ಹಾಲ್‌ನಲ್ಲಿ ದೊಡ್ಡ ಟಿ.ವಿ., ಇಂಟರ್ನೆಟ್‌ನಿಂದ ಸಿನಿಮಾ ತರೋ ಪುಟ್ಟ ಡಬ್ಬಿ, ಆ ಡಬ್ಬಿಯ ಸದ್ದನ್ನ ಐದು ಸ್ಪೀಕರ್‌ಗೆ ಹಂಚೋ ರಿಸೀವರ್. ನನಗೆ ನಿಮ್ಮ ಮುಂದೆ ಮಾತಾಡ್ತಿರೋ ಈ ಮೈಕೇ ಹೆಚ್ಚು, ಅವೆಲ್ಲ ಗೊತ್ತಿಲ್ಲ. ಕೇಳಿ ತಿಳಿದದ್ದು ಹೇಳ್ತಿದ್ದೀನಿ. ಫಯಾಜ್ ಅನ್ನೋ ಮೆಕ್ಯಾನಿಕ್ ಬಂದು ಎಲ್ಲ ಜೋಡಿಸಿ ಹೋದ. ಅವನು ಹೋದ ಮೇಲೆ ಯಜಮಾನನಿಗೆ ಟಿ.ವಿ. ಕೆಳಗಿನ ನಡುವಿನ ಸ್ಪೀಕರ್ ಚಂದ ಕಾಣಲಿಲ್ಲ. ವೈರ್ ಬಿಚ್ಚಿ ಅಟ್ಟಕ್ಕೆ ಹಾಕಿಸಿದ. ಇನ್ನೂ ನಾಲ್ಕು ಇವೆಯಲ್ಲ, ಒಂದು ಹೋದ್ರೆ ಏನಂತೆ?

ಹೆಂಡತಿ ಹಾಲಮ್ಮನಿಗೆ ಸಿನಿಮಾ ಅಂದ್ರೆ ಪ್ರಾಣ. ವಾರ ಕಳೆದ ಮೇಲೆ, ಹಾಡು ಕೇಳುತ್ತೆ, ಮಾತು ಕೇಳಲ್ಲ ಅಂದ್ರು. ನನಗೆ ಎಲ್ಲ ಕೇಳುತ್ತಲ್ಲ, ನಿನ್ನ ಕಿವಿ ತೋರಿಸ್ಕೋ ಅಂದ ಇವನು. ಇವನು ಹೇಳಿದ್ದೂ ಸುಳ್ಳಲ್ಲ, ನೋಡಿ. ಇವನು ನೋಡ್ತಿದ್ದದ್ದು ಕ್ರಿಕೆಟ್, ವಾರ್ತೆ. ಅವುಗಳ ಮಾತು ಪಕ್ಕದ ಎರಡು ಸ್ಪೀಕರ್‌ನಲ್ಲೇ ಬರ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಕಿವಿ ಚೆನ್ನಾಗಿದೆ ಅಂದ್ರು. ಇವನು ನಂಬಲಿಲ್ಲ. ನೆಂಟರ ಮುಂದೆ, ಇವಳಿಗೆ ಕಿವಿ ಮಂದ ಅಂತ ನಗ್ತಾ ಹೇಳ್ತಿದ್ದ. ನಾಲ್ಕು ಜನ ಹಾಗೇ ಅಂದ ಮೇಲೆ ಆಕೆಗೂ ತನ್ನ ಮೇಲೆ ಅನುಮಾನ ಬಂತು. ಹಾಲ್‌ಗೆ ಬರೋದನ್ನೇ ಬಿಟ್ರು.

ಎಂಟು ತಿಂಗಳಾಯ್ತು. ಯಜಮಾನ ಬಚ್ಚಲಲ್ಲಿ ಜಾರಿ ಕಾಲಿಗೆ ಪಟ್ಟಿ ಹಾಕಿಸ್ಕೊಂಡು ಸೋಫಾ ಹಿಡಿದ. ಬೇಜಾರಾಗಿ, ಬಾ ಒಂದು ಸಿನಿಮಾ ನೋಡೋಣ ಅಂತ ಹೆಂಡತಿಯನ್ನ ಕರೆದ. ಆ ಮನೆಯಲ್ಲಿ ಅವನು ಪೂರ್ತಿ ಕೂತು ನೋಡಿದ ಮೊದಲ ಸಿನಿಮಾ ಅದು. ತೆರೆಯ ಮೇಲೆ ತಂದೆ ಮಗಳಿಗೆ ಏನೋ ಹೇಳ್ತಾ ಇದ್ದಾನೆ. ತುಟಿ ಆಡ್ತಿದೆ, ಹಿಂದೆ ಮಳೆ ಸದ್ದು ಜೋರಾಗಿದೆ, ಮಾತು ಮಾತ್ರ ಇಲ್ಲ.

"ಏನಂದ ಅವನು?" ಅಂತ ಕೇಳಿದ.

ಹಾಲಮ್ಮ ಅವನ ಕಡೆ ತಿರುಗಲಿಲ್ಲ. "ಎಂಟು ತಿಂಗಳಿಂದ ನಾನೂ ಅದನ್ನೇ ಕೇಳ್ತಾ ಇದ್ದೀನಿ" ಅಂದ್ರು.

ಫೋನ್ ಮಾಡಿ ಕರೆಸಿದ್ರು. ಫಯಾಜ್ ಬಂದವನೇ ನಡುವಿನ ಸ್ಪೀಕರ್ ಎಲ್ಲಿ ಅಂತ ಹುಡುಕಿದ. "ಸಿನಿಮಾದ ಮಾತೆಲ್ಲ ಅದರಲ್ಲೇ ಬರೋದು, ಸರ್. ರಿಸೀವರ್ ಪಾಪ, ಅದು ಇದೆ ಅಂತ್ಲೇ ಮಾತನ್ನ ಅಲ್ಲಿಗೇ ಕಳಿಸ್ತಾ ಇದೆ."

ಸ್ಪೀಕರ್ ಇಳಿಸಿದ್ರು, ಧೂಳು ಒರೆಸಿ ಜೋಡಿಸಿದ್ರು, ಮಾತು ಬಂತು. ಮುಂದಿನ ಭಾನುವಾರ ಯಜಮಾನ ಅದೇ ನೆಂಟರನ್ನ ಊಟಕ್ಕೆ ಕರೆದು, ಕಿವಿ ಅವಳದ್ದು ಸರಿಯಾಗೇ ಇತ್ತು, ವೈರ್ ಕಿತ್ತವನು ನಾನು ಅಂತ ಅವಳ ಎದುರಿಗೇ ಒಪ್ಕೊಂಡ.

ಈಗ ನಿಮ್ಮನ್ನ ಕೇಳ್ತೀನಿ. ನಿಮ್ಮ ಮನೆಯಲ್ಲಿ ಯಾರಿಗೆ ಕಿವಿ ಮಂದ ಅಂದಿದ್ದೀರಿ? ಸೊಸೆಗೆ ಅರ್ಥ ಆಗಲ್ಲ, ಮಗನಿಗೆ ತಲೆಗೆ ಹೋಗಲ್ಲ ಅಂತೀರಲ್ಲ, ಅವರು ಕೂತ ಜಾಗದಲ್ಲಿ ಒಂದು ದಿನ ಕೂತಿದ್ದೀರಾ? ನಿಮಗೆ ಕೇಳಿದ್ದು ಅವರಿಗೂ ಕೇಳಬೇಕು ಅನ್ನೋ ಹಟ ಬಿಡಿ. ಇವತ್ತು ಮನೆಗೆ ಹೋಗಿ ಅವರ ಪಕ್ಕ ಕೂತ್ಕೊಳ್ಳಿ, ಅವರು ನೋಡೋದನ್ನ ಪೂರ್ತಿ ನೋಡಿ. ತಪ್ಪು ನಿಮ್ಮದು ಅಂತ ಗೊತ್ತಾದ್ರೆ, ಯಾರ ಮುಂದೆ ನಕ್ಕಿದ್ರೋ ಅವರ ಮುಂದೆಯೇ ಹೇಳಿ.