ಗಿಡ್ಡ ದನಕ್ಕೆ ದೊಡ್ಡ ಕರು

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಬೇಕಾದರೆ ಕಟಪಾಡಿಯ ದನದ ಆಸ್ಪತ್ರೆಯ ಬೆಂಚನ್ನೇ ಕೇಳಿ. ತನ್ನ ದನವನ್ನು ನೋಡಲು ಡಾಕ್ಟರು ಹೊರಡುವುದನ್ನೇ ಕಾಯುತ್ತಾ ಸುಂದರ ಕೂತಿದ್ದ. ಆಡಿನ ಮದ್ದಿಗೆ ಬಂದಿದ್ದ ಅಲಿಯಬ್ಬ ಮಾತಿಗೆಳೆದ.

“ಎಂತ ಸುಂದರಣ್ಣ, ಮುಖ ಬಾಡಿದೆ?”

“ದನ ಬೆಳಿಗ್ಗೆಯಿಂದ ಬೇನೆ ತಿನ್ನುತ್ತಾ ಉಂಟು. ಕರು ಹೊರಗೆ ಬರುವುದೇ ಇಲ್ಲ.”

“ಯಾವ ಜಾತಿ?”

“ಮಲೆನಾಡು ಗಿಡ್ಡ. ನನ್ನ ಸೊಂಟದಷ್ಟು ಎತ್ತರ.”

“ಗಬ್ಬಕ್ಕೆ ಕೊಡಿಸಿದ ಇಂಜೆಕ್ಷನ್ ಯಾವ ಹೋರಿಯದ್ದು?”

“ಎಚ್‌ಎಫ್. ಆ ಕಪ್ಪುಬಿಳಿ ಸೀಮೆ ಜಾತಿಯದ್ದು.”

“ಮಾರಾಯ! ಅದು ಆನೆಯ ತಮ್ಮ ಅಲ್ವಾ?”

“ಗಿಡ್ಡಕ್ಕೆ ಗಿಡ್ಡದ್ದೇ ಸಾಕು ಅಂತ ಡಾಕ್ಟರು ಹೇಳಿದ್ದರು. ಹಾಲಿನ ಆಸೆಗೆ ನಾನೇ ಹಠ ಮಾಡಿದೆ.”

“ಹೆದರಬೇಡಿ. ನಮ್ಮ ಆಡು ಒಮ್ಮೆ ಎಮ್ಮೆಯಷ್ಟು ದೊಡ್ಡ ಮರಿ ಹಾಕಿತ್ತು.”

ಸುಂದರನ ಫೋನ್ ಬಡಿದುಕೊಂಡಿತು. ಹೆಂಡತಿ ಕುಶಲಾ. ಅವನು ಕೇಳಿಸಿಕೊಂಡ, ಎದ್ದ, ಡಾಕ್ಟರ ಬಾಗಿಲಲ್ಲಿ ನಿಂತು ಹೇಳಿದ: “ಇನ್ನು ಬರುವುದು ಬೇಡ ಸಾರ್. ಎರಡೂ ಹೋದವು.”

ಅಲಿಯಬ್ಬನಿಗೆ ಅದು ಕೇಳಿಸಲಿಲ್ಲ. “ಮರಿ ಹಾಕಿ ಅರ್ಧ ಗಂಟೆಯಲ್ಲಿ ಆಡು ತಾನೇ ಎದ್ದು ನಿಂತು...”

ಸುಂದರ ಆಗಲೇ ರಸ್ತೆ ದಾಟಿದ್ದ.